ತೆಪ್ಪದಲ್ಲಿ ಬೂಟು

ನಮ್ಮದು ಮಾಗಡಿ ಕಡೆ. ನಮ್ಮ ಯಜಮಾನರೂ ದೊಡ್ಡ ಮಗನೂ ಒಂದೇ ತೆಪ್ಪದಲ್ಲಿ ಹೋಗಿ ಕೆರೆಗೆ ಬಲೆ ಬಿಡುತ್ತಿದ್ದರು. ಬಿದಿರಿನ ಆ ದುಂಡು ತೆಪ್ಪಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಹತ್ತುವಂತಿರಲಿಲ್ಲ. ಗಂಗಮ್ಮ ಸಿಟ್ಟಾಗುತ್ತಾಳೆ ಅನ್ನುತ್ತಿದ್ದರು. ಸರಿ ಅಂತ ನಾನೂ ನಂಬಿದ್ದೆ.

ಮೇಲ್ಗಡೆ ಫ್ಯಾಕ್ಟರಿಗಳು ಎದ್ದ ಮೇಲೆ ದಡದ ನೀರಿನಲ್ಲಿ ನೊರೆ ನಿಲ್ಲತೊಡಗಿತು. ಮಗನ ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗಿ ಕೀವು ತುಂಬಿತು. ಅದೇ ನೀರಿನಲ್ಲಿ ನಿಲ್ಲುವ ಅಪ್ಪನ ಕಾಲಿಗೆ ಏನೂ ಆಗಲಿಲ್ಲ. ನೀರಿನ ತಪ್ಪೋ, ಮಗನ ಚರ್ಮದ ತಪ್ಪೋ, ನನಗೆ ಗೊತ್ತಾಗಲಿಲ್ಲ. ರಾಮನಗರದ ಡಾಕ್ಟರು, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗುತ್ತದೆ, ಬೂಟಿಲ್ಲದೆ ನೀರಿಗಿಳಿಯಬೇಡ ಅಂದರು. ಮಗ ಮೊಣಕಾಲುದ್ದದ ರಬ್ಬರ್ ಬೂಟು ತಂದ.

"ಗಂಗಮ್ಮನ ಮ್ಯಾಲೆ ಮೆಟ್ಟಾಕ್ಕಂಡು ನಿಂತ್ಕತೀಯೇನ್ಲಾ?" ಅಂದರು ಯಜಮಾನರು.

"ಗಂಗಮ್ಮ ಬೆರಳು ವಾಪಸ್ ಕೊಡ್ತಾಳೇನಪ್ಪ?" ಅಂದು ಮಗ ಬೂಟಿನಲ್ಲೇ ಹತ್ತಿದ.

ಒಂದು ದಿನ ಗಾಳಿಗೆ ತೆಪ್ಪ ಮಗುಚಿಕೊಂಡಿತು. ಮಗನಿಗೆ ಚೆನ್ನಾಗಿ ಈಜು ಬರುತ್ತದೆ. ಆದರೂ ಬೂಟಿಗೆ ನೀರು ತುಂಬಿ ಕಾಲು ಆಡಿಸಲಾಗದೆ ಮುಳುಗುತ್ತಿದ್ದ. ಅಪ್ಪ ನೀರೊಳಗೆ ಹೋಗಿ ಬೂಟು ಕಿತ್ತು ಬಿಟ್ಟ ಮೇಲೆ ಅವನು ಮೇಲೆ ಬಂದ. ಬೂಟು ಕೆರೆಯ ತಳ ಸೇರಿತು.

"ಇದ್ಕೇ ಕಣ್ಲಾ ದೊಡ್ಡೋರು ಬ್ಯಾಡ ಅಂದಿದ್ದು," ಅಂದರು ಯಜಮಾನರು ಮನೆಗೆ ಬಂದು.

"ಮತ್ತೆ ಗಂಗಮ್ಮ ಅಂತಿದ್ರಲ್ಲ?" ಅಂದೆ.

"ದೊಡ್ಡೋರು ನಂಗೂ ಅಷ್ಟೇ ಹೇಳಿದ್ದು ಕಣೆ."

ಬೂಟು ಹಾಕಿದರೆ ಜೀವ ಹೋಗುತ್ತದೆ, ಬಿಟ್ಟರೆ ಬೆರಳು ಹೋಗುತ್ತದೆ. ಏನು ಮಾಡಲಿ ಅಂತ ಮಗ ನನ್ನನ್ನು ಕೇಳಿದ.

"ತೆಪ್ಪ ಹತ್ತಬ್ಯಾಡ. ದಡದಲ್ಲೇ ನಿಂತು ಬಲೆ ಎಳಿ," ಅಂದೆ.

"ಕೊಳೆ ನಿಂತಿರೋದೇ ದಡದಲ್ಲಿ ಕಣವ್ವ. ನಡುಮಧ್ಯ ನೀರು ಒಸಿ ವಾಸಿ."

ಅದನ್ನು ಕೇಳಿಸಿಕೊಂಡ ಯಜಮಾನರು ಮಾರನೆಯ ದಿನ ದಡದಲ್ಲಿ ಬಗ್ಗಿ, "ಏರ್ಲಾ ಬೆನ್ನಿಗೆ," ಅಂದರು. ಮೀಸೆ ಬಂದ ಮಗನನ್ನು ಹೊತ್ತು, ನೊರೆ ದಾಟಿ, ತೆಪ್ಪದೊಳಗೆ ಇಳಿಸಿದರು. ಬಲೆಯವರೆಲ್ಲ ನಕ್ಕರು. "ಮದ್ಲಿಂಗ ಹೊಂಟ ನೋಡ್ರಲಾ," ಅಂದ ಒಬ್ಬ. ಮಗ ತಲೆ ಎತ್ತಲಿಲ್ಲ. ಆದರೂ ದಿನಾ ಹಾಗೇ ಹೋದರು, ಹಾಗೇ ಬಂದರು.

ಹುಣ್ಣು ಒಣಗಿತು. ರಾತ್ರಿ ನಾನು ಹಚ್ಚಿದ ಹರಳೆಣ್ಣೆಯಿಂದಲೋ, ನೀರು ತಾಗದ್ದರಿಂದಲೋ, ಹೇಳಲಾರೆ. ಬೆರಳು ಉಳಿದವು. ಯಜಮಾನರಿಗೆ ಸೊಂಟ ಹಿಡಿದುಕೊಂಡಿತು. ಅದೇ ಡಾಕ್ಟರು, ಇನ್ನು ಭಾರ ಎತ್ತಬೇಡಿ ಅಂದರು. ಬಲೆ ಎಳೆದೇ ಬದುಕುವವರಿಗೆ ಭಾರ ಎತ್ತಬೇಡಿ ಅಂತ ಡಾಕ್ಟರು ಹೇಗೆ ಹೇಳುತ್ತಾರೋ, ನನಗೆ ಇವತ್ತಿಗೂ ತಿಳಿಯದು.