ತೊಕುಜಿಯ ಗಂಟಲಲ್ಲಿದ್ದ ಮಿಸಾವೊ
ಮೂಕಿ ಚಿತ್ರಗಳ ಕಾಲದಲ್ಲಿ ನಟಿ ಮಿಸಾವೊ ತೆರೆಯ ಮೇಲೆ ಕಣ್ಣು ತುಂಬಿಕೊಂಡರೆ ಸಾಕು, ಟೋಕಿಯೊದ ಅಸಾಕುಸ ಪೇಟೆಯಲ್ಲಿ ಮಾರನೆಯ ದಿನ ಕರವಸ್ತ್ರವೇ ಸಿಗುತ್ತಿರಲಿಲ್ಲ. ಅವಳ ಮಾತನ್ನು ಮಾತ್ರ ತೆರೆಯ ಪಕ್ಕ ನಿಂತು ಕಥೆ ಹೇಳುವ ಬೆನ್ಶಿ ತೊಕುಜಿ ಆಡುತ್ತಿದ್ದ. ಮೀಸೆ ಹೊತ್ತ ಗಂಡಸೇ ಆದರೂ ಗಂಟಲು ಸಣ್ಣಗೆ ಮಾಡಿ, “ನೀವು ಹೋಗಿ ಬನ್ನಿ, ನಾನೇನೂ ಅಳಲ್ಲ” ಎಂದನೆಂದರೆ ಊರಿಗೆ ಊರೇ ಮೂಗು ಸೀಟುತ್ತಿತ್ತು. ಈಗ ಮಾತಿನ ಚಿತ್ರ ಬಂದಿದೆ, ಅವಳ ಮಾತನ್ನು ಅವಳೇ ಆಡಬೇಕು. ಮಿಸಾವೊ ಬೆಳಗಾದರೆ ಹಸಿಮೊಟ್ಟೆ ನುಂಗುತ್ತಾಳೆ, ಉಪ್ಪುನೀರು ಮುಕ್ಕಳಿಸುತ್ತಾಳೆ, ಬೆಕ್ಕಿಗೂ ಸಂಭಾಷಣೆ ಒಪ್ಪಿಸುತ್ತಾಳೆ, ತರಕಾರಿಯವಳ ಹತ್ತಿರ ಮೂಲಂಗಿಯನ್ನು ಒಮ್ಮೆ ನಗುತ್ತ, ಒಮ್ಮೆ ಬಿಕ್ಕುತ್ತ ಕೇಳಿ, “ಯಾವುದು ಚೆನ್ನಾಗಿತ್ತಮ್ಮಾ?” ಎನ್ನುತ್ತಾಳೆ. ಆದರೂ ತೆರೆಯ ಮೇಲೆ ಅವಳು ಬಾಯಿ ತೆರೆದೊಡನೆ ಹಿಂದಿನ ಸಾಲಿನವರು ಕೂಗುತ್ತಾರೆ: “ಏಯ್, ಇದು ಮಿಸಾವೊ ದನಿ ಅಲ್ಲ ಕಣ್ರೋ!” ಅವಳಿಗೆ ಸಿಟ್ಟೂ ಬರುವುದಿಲ್ಲ. “ಅವರು ಹೇಳೋದು ನಿಜ ತಾನೇ?” ಎನ್ನುತ್ತಾಳೆ. ಕೆಲಸ ಹೋದ ತೊಕುಜಿ ಈಗ ಸೈಕಲ್ಲಿನ ಹಿಂದೆ ಚಿತ್ರದ ಹಾಳೆಗಳನ್ನು ಜೋಡಿಸಿಕೊಂಡು, ಮಿಠಾಯಿ ಮಾರುತ್ತ, ಬೀದಿಯ ಮಕ್ಕಳಿಗೆ ಕಥೆ ಹೇಳುತ್ತಾನೆ. ಸಂಜೆ ಮಕ್ಕಳ ಹಿಂದೆ ಮಿಸಾವೊ ಮುಸುಕು ಹೊದ್ದು ನಿಲ್ಲುತ್ತಾಳೆ. ಹಾಳೆಯ ಮೇಲಿನ ರಾಜಕುಮಾರಿ ಅದೇ ಸಣ್ಣ ದನಿಯಲ್ಲಿ, “ನೀವು ಹೋಗಿ ಬನ್ನಿ, ನಾನೇನೂ ಅಳಲ್ಲ” ಎನ್ನುವಾಗ, ಮುಸುಕಿನೊಳಗೆ ಅವಳ ತುಟಿಗಳು ಹಳೆಯ ಅಭ್ಯಾಸದಂತೆ ಸದ್ದಿಲ್ಲದೆ ಅಲುಗುತ್ತವೆ.