ಗ್ಲೆಂಡಾ ಪಾರ್ಡಿಯ ಮೂರನೇ ಬಸಿರು

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯ ಆ ಊರಿಗೆ ರಸ್ತೆ ಇರಲಿಲ್ಲ, ದಿನಕ್ಕೊಂದು ಹಡಗು ಇತ್ತು. ಅಂಚೆ ಕಚೇರಿ ಇತ್ತು, ಅದರಲ್ಲಿ ಗ್ಲೆಂಡಾ ಪಾರ್ಡಿ ಇದ್ದಳು. ಯಾರ ಮನೆಗೆ ಯಾವ ಕಾಗದ ಬಂತೆಂದು ಗೊತ್ತಿದ್ದರೂ ಯಾರಿಗೂ ಹೇಳುತ್ತಿರಲಿಲ್ಲ. ಊರವರಿಗೆ ಅವಳ ಮೇಲಿದ್ದ ದೂರು ಅದೊಂದೇ.

ಮೂವತ್ತೆಂಟಕ್ಕೆ ಮತ್ತೆ ಬಸುರಾದಳು. ಮೊದಲಿನ ಎರಡೂ ಗಂಡು, ಎರಡೂ ಸಿಸೇರಿಯನ್. ಐದನೇ ತಿಂಗಳಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸ್ಕ್ಯಾನಿಗೆ ಹೋದಾಗ, ಸ್ಕ್ಯಾನ್ ಮಾಡುತ್ತಾ ಹವೆಯ ವಿಷಯ ಮಾತಾಡುತ್ತಿದ್ದ ಹುಡುಗಿ ಮಾತನ್ನು ನಡುವೆಯೇ ಬಿಟ್ಟು ಡಾಕ್ಟರನ್ನು ಕರೆಯಲು ಎದ್ದಳು. ಆಮೇಲೆ ಡಾಕ್ಟರ್ ಮೊಯ್ರಾ ಕೀಫ್ ಬಂದು ತಿಳಿಸಿದರು. ಮಾಸು ಮೇಲೆಲ್ಲೋ ಅಂಟಿಕೊಳ್ಳುವುದು ಬಿಟ್ಟು ಕೆಳಗೆ, ಗರ್ಭಕೋಶದ ಬಾಯಿಗೇ ಅಡ್ಡ ಕೂತಿದೆ. ಪ್ಲಾಸೆಂಟಾ ಪ್ರೀವಿಯಾ ಅಂತಾರೆ. ಎಷ್ಟೋ ಜನರಲ್ಲಿ ಬಸಿರು ಬೆಳೆದ ಹಾಗೆ ಅದು ಮೇಲಕ್ಕೆ ಸರಿಯುತ್ತದೆ. ಇವಳದು ಹಳೆಯ ಹೊಲಿಗೆಯ ಗಾಯದ ಮೇಲೇ ಕೂತಿದ್ದರಿಂದ ಅಷ್ಟು ನಂಬಿಕೆಯಿಲ್ಲ. ಭಾರ ಎತ್ತಬಾರದು, ಗಂಡನ ಜೊತೆ ಮಲಗಬಾರದು.

"ರಕ್ತ ಕಂಡ್ರೆ, ನೋವು ಬರ್ಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ," ಎಂದರು ಡಾಕ್ಟರು. "ಇದ್ರಲ್ಲಿ ನೋವೇ ಇರಲ್ಲ. ಕೆಟ್ಟದ್ದು ಅದೇ."

ಗಂಡ ಕ್ಲೇಟನ್ ಏಡಿ ಹಿಡಿಯುವ ದೋಣಿಯವನು. ಎಲ್ಲ ಕೇಳಿಸಿಕೊಂಡು, ಅಂಚೆಯ ಪಾರ್ಸಲ್ಲುಗಳನ್ನು ಇನ್ನು ಯಾರು ಎತ್ತುತ್ತಾರೆ ಎಂದಷ್ಟೇ ಕೇಳಿದ. ಯಾರದೋ ಅವರೇ, ಎಂದಳು ಗ್ಲೆಂಡಾ. ಮರುವಾರದಿಂದ ಊರವರು ಹಾಗೇ ಮಾಡಿದರು.

ಎಂಟನೇ ತಿಂಗಳಲ್ಲೂ ಮಾಸು ಇದ್ದಲ್ಲೇ ಇತ್ತು. ಆಸ್ಪತ್ರೆಯ ಹತ್ತಿರವೇ ಬಂದು ಉಳಿಯಿರಿ ಎಂದರು. ಬದಲಿಯವಳಿಗೆ ಕೆಲಸ ಒಪ್ಪಿಸಲು ಗ್ಲೆಂಡಾ ಒಂದು ವಾರ ಕೇಳಿಕೊಂಡಳು. ಐದನೇ ದಿನ ಬೆಳಿಗ್ಗೆ ಹತ್ತೂವರೆಗೆ ಕಾಗದಗಳಿಗೆ ಠಸ್ಸೆ ಒತ್ತುತ್ತಿದ್ದಾಗ ಕಾಲು ಬೆಚ್ಚಗಾಯಿತು. ಬಗ್ಗಿ ನೋಡಿದಳು. ನೋವಿರಲಿಲ್ಲ. ಕೈಯಲ್ಲಿದ್ದ ಕಾಗದಕ್ಕೆ ಠಸ್ಸೆ ಒತ್ತಿ ಮುಗಿಸಿ ಗಂಡನಿಗೆ ಫೋನ್ ಮಾಡಿದಳು.

ಮಂಜು ದಟ್ಟವಾಗಿತ್ತು, ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಹಡಗು ಹೊರಟು ಇಪ್ಪತ್ತು ನಿಮಿಷವಾಗಿತ್ತು. ಕ್ಲೇಟನ್ ರೇಡಿಯೋದಲ್ಲಿ ಕರೆದ. ಕ್ಯಾಪ್ಟನ್ ಯಾರನ್ನೂ ಕೇಳದೆ ಹಡಗು ತಿರುಗಿಸಿದ. ಹತ್ತಿದ ಮೇಲೆ ಕ್ಲೇಟನ್ ಹೋಗಿ ಕ್ಯಾಪ್ಟನ್ ಪಕ್ಕದಲ್ಲಿ ನಿಂತ, ಅಲ್ಲಿ ನಿಂತರೆ ಹಡಗು ಬೇಗ ಹೋಗುತ್ತದೆ ಎನ್ನುವ ಹಾಗೆ.

ಅತ್ತೆ ಬ್ಲಾಂಚ್ ಜೊತೆಗೆ ಬಂದಿದ್ದಳು. ಎಪ್ಪತ್ತಾರರ ಮುದುಕಿ, ಆರು ಹೆತ್ತವಳು. ಈ ಬಸಿರಿನ ಬಗ್ಗೆ ಇಷ್ಟು ದಿನ ತುಟಿ ಬಿಚ್ಚಿರಲಿಲ್ಲ. ಬೆಂಚಿನ ಮೇಲೆ ಮಲಗಿದ್ದ ಸೊಸೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

"ನಮ್ಮಕ್ಕ ಎಫಿ ಹೀಗೇ ಹೋದ್ಲು. ಎಂಟು ತಿಂಗಳಾಗಿತ್ತು. ನೋವಿಲ್ಲ ಏನಿಲ್ಲ, ಹಾಸಿಗೆಯೆಲ್ಲಾ ನೆಂದೋಯ್ತು."

"ಅತ್ತೆ, ಇದನ್ನ ಈಗ ಹೇಳ್ಬೇಕಿತ್ತಾ?"

"ಮೊದ್ಲೇ ಹೇಳಿದ್ರೆ ಹೆದರ್ಕೋತಿದ್ದೆ."

ಅತ್ತೆ ತನ್ನ ಶಾಲು ತೆಗೆದು ಸೊಸೆಯ ಪಾದಗಳಿಗೆ ಸುತ್ತಿದಳು.

"ಅವತ್ತು ನೀರು ತರೋ ಸರದಿ ನಂದು," ಎಂದಳು ಬ್ಲಾಂಚ್. "ನಾನು ಎದ್ದಿರ್ಲಿಲ್ಲ. ಎರಡು ಬಕೆಟ್ ಅವಳೇ ಹೊತ್ಲು."

ಹಡಗುಕಟ್ಟೆಯಲ್ಲಿ ಆಂಬುಲೆನ್ಸ್ ಕಾದಿತ್ತು. ಸಂಜೆಗೆ ರಕ್ತ ತಾನಾಗೇ ನಿಂತಿತು. ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಎರಡು ಇಂಜೆಕ್ಷನ್ ಕೊಟ್ಟರು, ಮನೆಗೆ ಮಾತ್ರ ಬಿಡಲಿಲ್ಲ.

ಮೂರನೇ ದಿನ ಗ್ಲೆಂಡಾ ಅತ್ತೆಯ ಎದುರಿಗೇ ಡಾಕ್ಟರಿಗೆ ಎಫಿಯ ವಿಷಯವೆಲ್ಲ ಹೇಳಿ ಕೇಳಿದಳು, ಎರಡು ಬಕೆಟ್ ನೀರು ಹೊತ್ತರೆ ಹೀಗಾಗುತ್ತದೆಯೇ ಎಂದು. ಅವರು ಮುದುಕಿಯನ್ನು ನೋಡಿ, ಕುರ್ಚಿ ಎಳೆದುಕೊಂಡು ಕೂತರು.

"ಭಾರ ಎತ್ತಬೇಡಿ ಅನ್ನೋದು ನಮ್ಮ ಎಚ್ಚರಿಕೆಗೆ. ಮಾಸು ಅಲ್ಲಿ ಕೂತಿದ್ರೆ ದಿನ ತುಂಬ್ತಾ ರಕ್ತ ಹೋಗುತ್ತೆ. ಬಕೆಟ್ ಮುಟ್ಟದಿದ್ರೂ ಹೋಗ್ತಿತ್ತು ಅಮ್ಮಾ. ಅವರಿಗೆ ಬೇಕಾಗಿದ್ದು ಆಪರೇಷನ್, ರಕ್ತ."

ಆಗ ಊರಲ್ಲಿ ಅವೆರಡೂ ಇರಲಿಲ್ಲ. ಬ್ಲಾಂಚ್ ಊಟ ಬರುವವರೆಗೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಊಟ ಬಂದಾಗ, ಬಟಾಣಿ ಸೂಪಿಗೆ ಉಪ್ಪಿಲ್ಲ ಎಂದಳು.

ಮೂವತ್ತಾರನೇ ವಾರಕ್ಕೆ ಆಪರೇಷನ್ ಇಟ್ಟರು. ಮಾಸು ಹಳೆಯ ಗಾಯದೊಳಕ್ಕೆ ಬೇರು ಬಿಟ್ಟಿದ್ದರೆ ಬಿಡಿಸಲಾಗುವುದಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. ಬೇರು ಬಿಟ್ಟಿತ್ತು. ಆರು ಬಾಟಲಿ ರಕ್ತ ಕೊಟ್ಟರು. ಕ್ಲೇಟನ್ ಹೊರಗೆ ಐದು ಗಂಟೆ ನಿಂತೇ ಇದ್ದ. ಕೂರಿ ಎಂದವರಿಗೆಲ್ಲ ಥ್ಯಾಂಕ್ಸ್ ಹೇಳಿದ.

ಹೆಣ್ಣು ಮಗು, ಎರಡೂವರೆ ಕಿಲೋ. ಗ್ಲೆಂಡಾಗೆ ಮರುದಿನ ಪೂರ್ತಿ ಎಚ್ಚರವಾಯಿತು. ಇನ್ನು ಮಕ್ಕಳು ಬೇಡವೆಂದು ಅವಳೇ ತೀರ್ಮಾನಿಸಿದ್ದಳು. ಆದರೂ ಗರ್ಭಕೋಶ ಹೋಯಿತೆಂದು ಕೇಳಿ ಒಂದಿಷ್ಟು ಹೊತ್ತು ಅತ್ತಳು. ಆಮೇಲೆ ಮಗುವನ್ನು ಕೊಡಿ ಎಂದಳು.

ಮೂರು ತಿಂಗಳಿಗೆ ಕೆಲಸಕ್ಕೆ ಬಂದಳು. ಕಚೇರಿಯ ಏಳು ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುವುದಕ್ಕೆ ಮಾತ್ರ ಆ ಚಳಿಗಾಲ ಕಳೆಯಬೇಕಾಯಿತು.