ಗೋಧಿ ಬಣ್ಣದ ಪ್ರೋಗ್ರಾಮರ್

ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಒಬ್ಬರ ಟಪಾಲು ಇನ್ನೊಬ್ಬರ ಮನೆ ಸೇರುವುದು ನೀವೂ ಕಂಡದ್ದೇ. ಶಬ್ದಗಳ ಗತಿಯೂ ಇದಕ್ಕಿಂತ ಭಿನ್ನವಲ್ಲ. ಬಯೋಡೇಟಾ ಎಂಬುದನ್ನೇ ನೋಡಿ. ಎಂಬತ್ತರ ದಶಕದ ನಮ್ಮ ಮಾನ್ವಿಯಲ್ಲಿ ಗಂಡುಮಕ್ಕಳ ಬಯೋಡೇಟಾ ನೌಕರಿ ಹುಡುಕಿಕೊಂಡು ಹೋಗುತ್ತಿತ್ತು, ಹೆಣ್ಣುಮಕ್ಕಳದು ಗಂಡನ್ನು ಹುಡುಕಿಕೊಂಡು.

ನಾನು ಹೈದರಾಬಾದಿನ ಸೋದರಮಾವನ ಮನೆಯಲ್ಲಿದ್ದು, ಕಂಪ್ಯೂಟರಿಗೆ ತಿಳಿಯುವ ಕೋಬಾಲ್ ಎಂಬ ಭಾಷೆಯನ್ನು ಕಲಿತು ಬಂದಿದ್ದೆ. ರಾಯಚೂರಿನ ಕಾರ್ಖಾನೆಯೊಂದು ಹೊಸದಾಗಿ ಕಂಪ್ಯೂಟರ್ ತರಿಸಿ, ಅದಕ್ಕೊಬ್ಬ ಪ್ರೋಗ್ರಾಮರ್ ಬೇಕೆಂದು ಅರ್ಜಿ ಕರೆದಿತ್ತು. ಅಪ್ಪನ ಕರಾರು ಸ್ಪಷ್ಟವಾಗಿತ್ತು: ಈ ನೌಕರಿ ಸಿಕ್ಕರೆ ಸರಿ, ಸಿಗದಿದ್ದರೆ ದೇವದುರ್ಗದಿಂದ ಬಂದ ಸಂಬಂಧಕ್ಕೆ ನಾನು ಹೂಂ ಅನ್ನಬೇಕು.

ನನ್ನ ಕೈಬರಹದ ವಿವರಗಳನ್ನು ಅಪ್ಪನೇ ರಾಯಚೂರಿಗೆ ಒಯ್ದು, ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಖಾದರ್ ಸಾಹೇಬರ ಕೈಗಿತ್ತು, ‘ಮಗಳ ಬಯೋಡೇಟಾ ಅದ, ಛಲೋತ್ನಾಗಿ ಮಾಡ್ರಿ’ ಎಂದಷ್ಟೇ ಹೇಳಿ, ಅವರು ಕೇಳಿದ್ದಕ್ಕೆಲ್ಲ ಹೆಮ್ಮೆಯಿಂದ ಉತ್ತರಿಸಿ ಬಂದಿದ್ದ. ಮರುದಿನ ನಾನು ಹೋಗಿ ಹಾಳೆ ನೋಡಿದಾಗ ಮೈಯೆಲ್ಲ ಉರಿಯಿತು. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ನನ್ನ ಎತ್ತರವಿತ್ತು, ಗೋಧಿ ಬಣ್ಣವಿತ್ತು, ರಾಶಿ ನಕ್ಷತ್ರವಿತ್ತು. ಗೃಹಕೃತ್ಯದಲ್ಲಿ ನಿಪುಣೆ ಎಂದೂ ಇತ್ತು. ನನ್ನ ಕೈಯ ರೊಟ್ಟಿ ತಿಂದವರು ಯಾರೂ ಇದನ್ನು ನಂಬುವುದಿಲ್ಲ. ಪಾಪದ ಕೋಬಾಲ್ ಮಾತ್ರ ಕಟ್ಟಕಡೆಗೆ, ಹವ್ಯಾಸಗಳ ಸಾಲಿನಲ್ಲಿ, ಕಸೂತಿಯ ಪಕ್ಕ ಕುಳಿತಿತ್ತು. ನಾನು ಬೇಡಿದ ವರ ನೌಕರಿ, ಈ ಹಾಳೆ ಬೇಡುತ್ತಿದ್ದುದು ಬರೀ ವರನನ್ನು.

‘ಸಾಹೇಬ್ರ, ಇದು ನೌಕರಿಗಿ ಬೇಕಾಗಿತ್ತು’ ಎಂದೆ.

‘ಹೌದೇನು ಯವ್ವಾ? ನಿಮ್ಮಪ್ಪ ಹೇಳಲೇ ಇಲ್ಲ ನೋಡು. ನಾ ಟೈಪ್ ಮಾಡಿದ ಹುಡುಗ್ಯಾರದೆಲ್ಲ ಮದುವಿ ಆಗ್ಯಾವ’ ಎಂದು ಅವರು ಪೇಚಾಡಿಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಅವರ ಮೇಲೆ ಕಾರಿ, ಅವರದೇ ಯಂತ್ರದ ಮುಂದೆ ಕುಳಿತು ಹೊಸ ಹಾಳೆಯನ್ನು ನಾನೇ ಕುಟ್ಟಿದೆ. ಕೋಬಾಲ್ ಎಲ್ಲಕ್ಕಿಂತ ಮೇಲೆ ಬಂತು, ಬಣ್ಣ ಎಲ್ಲಿಯೂ ಬರಲಿಲ್ಲ.

ಸಂದರ್ಶನದ ದಿನ ಕಾರ್ಖಾನೆಯ ಮೂವರು ವಿದ್ಯಾವಂತ ಮಹನೀಯರು ಆ ಹಾಳೆಯನ್ನು ಮುಂದಿಟ್ಟುಕೊಂಡು, ಅದರಲ್ಲಿದ್ದ ಒಂದಕ್ಷರವನ್ನೂ ಕೇಳದೆ, ಇಲ್ಲದ್ದನ್ನೇ ಕೇಳತೊಡಗಿದರು. ಮದುವೆ ಯಾವಾಗ? ಆದ ಮೇಲೆ ನೌಕರಿ ಬಿಡುತ್ತೀರೋ? ಗಂಡನ ಮನೆಯವರು ಒಪ್ಪದಿದ್ದರೆ? ಖಾದರ್ ಸಾಹೇಬರದು ತಿಳಿಯದೆ ಆದ ತಪ್ಪು. ಇವರದಕ್ಕೆ ಏನೆನ್ನೋಣ?

‘ನೀವು ಹೆಣ್ಣು ನೋಡಾಕ ಕುಂತೀರೇನ್ರಿ, ಪ್ರೋಗ್ರಾಮರ್ ನೋಡಾಕ ಕುಂತೀರೋ?’ ಎಂದುಬಿಟ್ಟೆ.

ಅವರಲ್ಲಿ ಹಿರಿಯರೊಬ್ಬರು ಕೆಮ್ಮಿ, ಸೀಮೆಸುಣ್ಣ ಕೊಟ್ಟು, ಕೂಲಿಕಾರರ ಪಗಾರ ಲೆಕ್ಕ ಹಾಕುವ ಪ್ರೋಗ್ರಾಮನ್ನು ಹಲಗೆಯ ಮೇಲೆ ಬರೆಯಲು ಹೇಳಿದರು. ಬರೆದೆ. ನೌಕರಿ ಸಿಕ್ಕಿತು. ಅಪ್ಪ ಓಣಿಗೆಲ್ಲ ಪೇಢಾ ಹಂಚಿ, ದೇವದುರ್ಗಕ್ಕೆ ಇಲ್ಲವೆಂದು ಹೇಳಿಕಳಿಸಿದ.

ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಂದು ಹೊರಗೆ ಬೆಂಚಿನ ಮೇಲೆ ನನ್ನ ಜೊತೆ ಕಾದಿದ್ದ ಹುಡುಗರನ್ನು ಕೇಳಿ ನೋಡಿದೆ. ಅವರಿಗೆ ಒಳಗೆ ಕಾಲಿಟ್ಟ ಕೂಡಲೇ ಸೀಮೆಸುಣ್ಣ ಕೊಟ್ಟಿದ್ದರಂತೆ.